ಬೀದರ್‌ಗೆ ಹೋಗಿ ಬಂದದ್ದು ನೆನಪಿನಲ್ಲಿ ಉಳಿಯಬೇಕೆಂದರೆ

ಮೂರು ವರ್ಷದ ಹಿಂದೆ, ಡಿಸೆಂಬರ್‌ನಲ್ಲಿ, ಕಲಬುರಗಿಯಿಂದ ಬಾಡಿಗೆ ಗಾಡಿ ಮಾಡಿಕೊಂಡು ಬೀದರ್‌ಗೆ ಹೋಗಿದ್ದೆವು. ನಾನು, ಅಣ್ಣ, ವೈನಿ, ಅವರ ಇಬ್ಬರು ಮಕ್ಕಳು. ಇರುವುದು ಒಂದೇ ದಿನ, ನೋಡಬೇಕಾದ್ದು ಆರು ಜಾಗ. ಕೋಟೆ, ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಗುಮ್ಮಟಗಳು, ಗುರುನಾನಕ್ ಝೀರಾ, ಪಾಪನಾಶ, ನರಸಿಂಹ ಝರಣಿ. ಓಡಿದ್ದೇ ಓಡಿದ್ದು. ರಾತ್ರಿ ಮನೆ ಮುಟ್ಟುವಾಗ ಫೋನಿನಲ್ಲಿ ನಾನೂರಕ್ಕೂ ಜಾಸ್ತಿ ಫೋಟೊ.

ಹೋದ ಯುಗಾದಿಗೆ ಎಲ್ಲರೂ ಕೂಡಿದಾಗ ವೈನಿ ಕೇಳಿದರು, "ಅಷ್ಟೂರದಾಗ ಆ ದೊಡ್ಡ ಗುಮ್ಮಟದ ಒಳಗ ಗ್ವಾಡಿ ಮ್ಯಾಲ ಚಿತ್ರ ಬರ್ದಿದ್ರಲ್ಲ, ಯಾವ ಬಣ್ಣ?" ಒಬ್ಬರಿಗೂ ನೆನಪಿಲ್ಲ. ಫೋನ್ ತೆಗೆದು ಹುಡುಕಿದೆವು. ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿಯ ಆ ಗೋರಿ ಗುಮ್ಮಟದೊಳಗೆ ತೆಗೆದ ಫೋಟೊ ಹನ್ನೊಂದು ಸಿಕ್ಕವು. ಹನ್ನೊಂದರಲ್ಲೂ ನಮ್ಮದೇ ಮುಖ. ಗೋಡೆ ಹಿಂದೆ ಕತ್ತಲೆಯಲ್ಲಿ ಮುಳುಗಿದೆ.

ಎರಡು ಸಂಗತಿ ಮಾತ್ರ ಐದೂ ಜನರಿಗೆ ನಿನ್ನೆ ಆದಂತೆ ನೆನಪಿತ್ತು. ಒಂದು, ನರಸಿಂಹ ಝರಣಿ. ಸುಮಾರು 300 ಮೀಟರ್ ಉದ್ದದ ಗುಹೆ, ಎದೆಮಟ್ಟ ನೀರು, ತಲೆ ಮೇಲೆ ಬಾವಲಿಗಳು. ಸಣ್ಣವನನ್ನು ಅಣ್ಣ ಹೆಗಲ ಮೇಲೆ ಕೂರಿಸಿಕೊಂಡಿದ್ದ. ಅವನು ಹೆದರಿ ಅಣ್ಣನ ಕಿವಿ ಹಿಡಿದು ಎಳೆದದ್ದು, ಕಾಲಿಗೆ ತಾಗಿದ ನುಣ್ಣನೆ ನೆಲ, ಬಾವಲಿ ಹಿಕ್ಕೆಯ ಘಾಟು, ಎಲ್ಲಾ ನೆನಪಿದೆ. ಅಲ್ಲಿಯ ಫೋಟೊ ಒಂದೂ ಇಲ್ಲ. ಫೋನು ಗಾಡಿಯಲ್ಲೇ ಬಿಟ್ಟು ಹೋಗಿದ್ದೆವು.

ಇನ್ನೊಂದು, ವಾಪಸ್ ಬರುವಾಗ ಕಮಲಾಪುರದ ಹತ್ತಿರ ಗಾಡಿ ಪಂಕ್ಚರ್ ಆದದ್ದು. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಡ್ರೈವರ್ ಬೈಕಿನವರನ್ನು ನಿಲ್ಲಿಸಿ ಟೈರು ತಗೊಂಡು ಹೋದ. ನಾವು ಬೇವಿನ ಮರದ ಕೆಳಗೆ ಮುಕ್ಕಾಲು ತಾಸು ಕೂತೆವು. ಪಕ್ಕದಲ್ಲಿ ತೊಗರಿ ಹೊಲ. ಕೊಯ್ಲಿಗೆ ಬಂದಿತ್ತು. ಗಾಳಿ ಬೀಸಿದಾಗಲೆಲ್ಲ ಒಣಗಿದ ಕಾಯಿ ಗಿಲಗಿಲ ಅನ್ನುತ್ತಿದ್ದವು. ಹೋಗುವಾಗ ಕೊಂಡಿದ್ದ ಕಮಲಾಪುರದ ಕೆಂಪು ಬಾಳೆಹಣ್ಣು ಅಲ್ಲೇ ಕೂತು ತಿಂದೆವು. ದಿನವಿಡೀ ದುಡ್ಡು ಕೊಟ್ಟು ನೋಡಿದ್ದು ಮರೆತುಹೋಗಿದೆ, ಸುಮ್ನೆ ಸಿಕ್ಕ ಮುಕ್ಕಾಲು ತಾಸು ಉಳಿದಿದೆ.

ಎರಡೂ ಕಡೆ ನಾವು ನಿಂತಿದ್ದೆವು ಅಥವಾ ಸಾವಕಾಶ ನಡೆದಿದ್ದೆವು. ಎರಡೂ ಕಡೆ ಕಣ್ಣಿನ ಜೊತೆ ಚರ್ಮ, ಕಿವಿ, ಮೂಗು, ನಾಲಗೆ ಕೆಲಸ ಮಾಡಿದ್ದವು. ಇದು ಹೊಳೆದ ಮೇಲೆ ಮೂರು ಸಲ ಬೀದರ್‌ಗೆ ಬೇರೆ ರೀತಿಯಲ್ಲಿ ಹೋಗಿ ಬಂದೆ. ಹೇಗೆ ಅನ್ನುವುದನ್ನು ಕ್ರಮವಾಗಿ ಹೇಳುತ್ತೇನೆ. ಬೀದರ್ ಬದಲು ನಿಮ್ಮೂರ ಜಾತ್ರೆ, ಯಾದಗಿರಿಯ ಬೆಟ್ಟದ ಕೋಟೆ, ಸುರಪುರದ ಟೇಲರ್ ಮಂಜಿಲ್, ಯಾವುದಾದರೂ ಆದೀತು.

ಮೊದಲು ಪಟ್ಟಿ ಕತ್ತರಿಸಿ

ಒಂದು ದಿನಕ್ಕೆ ಎರಡು ಜಾಗ. ಅದಕ್ಕಿಂತ ಜಾಸ್ತಿ ಬೇಡ. ಮನೆಯಲ್ಲಿ ಜಗಳ ಆಗುತ್ತದೆ, ಗೊತ್ತು. "ಅಷ್ಟ ದೂರ ಹೋಗಿ ಝೀರಾ ನೋಡ್ಲಾರ್ದೇ ಬರೂದಾ?" ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಬೀದರ್ ಎಲ್ಲೂ ಓಡಿ ಹೋಗುವುದಿಲ್ಲ, ಮುಂದಿನ ಸಲ ಝೀರಾದಿಂದಲೇ ಶುರು ಮಾಡೋಣ ಅಂತ ಹೇಳಿ.

ಸಾಧ್ಯವಾದರೆ ರೈಲಿನಲ್ಲಿ ಹೋಗಿ. ಬೀದರ್–ಕಲಬುರಗಿ ಮಾರ್ಗ 2017ರಲ್ಲಿ ಶುರುವಾಯಿತು, ಸುಮಾರು 110 ಕಿಲೊಮೀಟರ್. ರೈಲು ಕಡಿಮೆ, ಹೊತ್ತು ನೋಡಿಕೊಂಡೇ ಹೊರಡಬೇಕು. ಆದರೆ ಕಿಟಕಿ ಪಕ್ಕ ಕೂತರೆ ಕಪ್ಪು ಮಣ್ಣಿನ ಹೊಲ ಮುಗಿದು ಕೆಂಪು ನೆಲ ಶುರುವಾಗುವುದನ್ನು ಕಣ್ಣಾರೆ ನೋಡಬಹುದು.

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ನಮ್ಮ ಕಡೆ ಮೇ ತಿಂಗಳಲ್ಲಿ 42 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ಮನಸ್ಸು ನೆರಳನ್ನು ಬಿಟ್ಟು ಬೇರೇನೂ ಹುಡುಕುವುದಿಲ್ಲ. ಬೇಸಿಗೆಯಲ್ಲೇ ಹೋಗಬೇಕಾಗಿ ಬಂದರೆ ಬೆಳಿಗ್ಗೆ ಬೇಗ ಒಂದು ಜಾಗ, ಸಂಜೆ ಇಳಿಹೊತ್ತಿಗೆ ಇನ್ನೊಂದು. ನಡುವೆ ಊಟ ಮಾಡಿ ಮಲಗಿ.

ಹತ್ತು ನಿಮಿಷ ಫೋನು ಮುಟ್ಟಬೇಡಿ

ಜಾಗ ಮುಟ್ಟಿದ ಮೊದಲ ಹತ್ತು ನಿಮಿಷ ಫೋನು ಜೇಬಿನಲ್ಲೇ ಇರಲಿ. ಫೋಟೊ ಬೇಡ ಅಂತ ನಾನು ಹೇಳುವುದಿಲ್ಲ. ತಡವಾಗಿ ತೆಗೆಯಿರಿ ಅಷ್ಟೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ಇದರ ಮೇಲೆ ಒಂದು ಪ್ರಯೋಗ ಮಾಡಿ 2014ರಲ್ಲಿ ಪ್ರಕಟಿಸಿದರು. ಜನರನ್ನು ಮ್ಯೂಸಿಯಂಗೆ ಕರೆದುಕೊಂಡು ಹೋಗಿ ಕೆಲವು ವಸ್ತುಗಳನ್ನು ಸುಮ್ನೆ ನೋಡಿ, ಕೆಲವುಗಳ ಫೋಟೊ ತೆಗೆಯಿರಿ ಅಂದರು. ಮರುದಿನ ಕೇಳಿದಾಗ ಫೋಟೊ ತೆಗೆದ ವಸ್ತುಗಳ ನೆನಪು ಕಡಿಮೆ ಇತ್ತು. ಕ್ಯಾಮೆರಾ ನೆನಪಿಟ್ಟುಕೊಳ್ಳುತ್ತದೆ ಅಂತ ಮನಸ್ಸು ಕೈ ಬಿಟ್ಟಂತೆ. ಆದರೆ ಅದೇ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಹೊರಬಂತು. ವಸ್ತುವಿನ ಯಾವುದಾದರೂ ಒಂದು ಭಾಗವನ್ನು ಝೂಮ್ ಮಾಡಿ ತೆಗೆದವರಿಗೆ ಈ ನಷ್ಟ ಆಗಲಿಲ್ಲ. ಝೂಮ್ ಮಾಡಬೇಕಾದರೆ ಎಲ್ಲಿ ಅಂತ ಮೊದಲು ಕಣ್ಣಿಟ್ಟು ನೋಡಬೇಕಲ್ಲ.

ಹಾಗಾಗಿ ನನ್ನ ಲೆಕ್ಕ ಹೀಗೆ: ಹತ್ತು ನಿಮಿಷ ನೋಡುವುದು, ಆಮೇಲೆ ಒಂದೇ ಒಂದು ಹತ್ತಿರದ ಫೋಟೊ. ಇಡೀ ಕಟ್ಟಡದ ಫೋಟೊ ಇಂಟರ್‌ನೆಟ್‌ನಲ್ಲಿ ಬೇಕಾದಷ್ಟಿವೆ. ಮನೆಯವರೆಲ್ಲ ನಿಂತ ಒಂದು ಗ್ರೂಪ್ ಫೋಟೊ ಹೊರಡುವಾಗ ತೆಗೆಯಿರಿ. ಇಲ್ಲದಿದ್ದರೆ ವೈನಿ ಬಿಡುವುದಿಲ್ಲ.

ಕಣ್ಣನ್ನು ಕೊನೆಗೆ ಬಿಡಿ

ಇದು ಮುಖ್ಯವಾದ ಹೆಜ್ಜೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಐದೂ ಇಂದ್ರಿಯ ಒಟ್ಟಿಗೆ ಬಿಟ್ಟರೆ ಕಣ್ಣು ಉಳಿದವನ್ನೆಲ್ಲ ತಳ್ಳಿ ಮುಂದೆ ಬರುತ್ತದೆ. ಅದಕ್ಕೇ ಸರದಿ ಇಡಬೇಕು. ನಾನು ಇಡುವ ಸರದಿ: ಮೂಗು, ಕಿವಿ, ಚರ್ಮ, ಆಮೇಲೆ ಕಣ್ಣು.

ಮೂಗು ಮೊದಲು ಯಾಕೆಂದರೆ ಅದು ಬೇಗ ಸೋಲುತ್ತದೆ. ಹೊಸ ಜಾಗಕ್ಕೆ ಕಾಲಿಟ್ಟ ಕೂಡಲೇ ಬರುವ ವಾಸನೆ ಕೆಲವೇ ನಿಮಿಷದಲ್ಲಿ ಗೊತ್ತಾಗದಂತೆ ಆಗಿಬಿಡುತ್ತದೆ. ಕಲಬುರಗಿಯ ಬಂದೇನವಾಜ್ ದರ್ಗಾದ ಓಣಿಗೆ ಹೋದಾಗ ಮೊದಲ ನಿಮಿಷ ಗುಲಾಬಿ, ಲೋಬಾನದ ಹೊಗೆ, ಅತ್ತರು ಬೇರೆ ಬೇರೆಯಾಗಿ ತಿಳಿಯುತ್ತವೆ. ಐದು ನಿಮಿಷದ ಮೇಲೆ ಏನೂ ಇಲ್ಲ. ಅದಕ್ಕೇ ಬಾಗಿಲಲ್ಲೇ ನಿಂತು ಎರಡು ಸಲ ಉದ್ದಕ್ಕೆ ಉಸಿರು ಎಳೆದುಕೊಳ್ಳಿ.

ಮೂಗಿಗೆ ಇನ್ನೊಂದು ಹೆಚ್ಚುಗಾರಿಕೆ ಇದೆ. ನೋಡಿದ್ದು, ಕೇಳಿದ್ದು, ಮುಟ್ಟಿದ್ದು ಎಲ್ಲವೂ ಮಿದುಳಿನಲ್ಲಿ ಥ್ಯಾಲಮಸ್ ಅನ್ನುವ ಜಂಕ್ಷನ್ ದಾಟಿ ಮುಂದೆ ಹೋಗುತ್ತವೆ. ವಾಸನೆ ಹಾಗಲ್ಲ. ಆ ಜಂಕ್ಷನ್‌ನಲ್ಲಿ ನಿಲ್ಲದೆ ಭಾವನೆಗೆ ಸಂಬಂಧಿಸಿದ ಅಮಿಗ್ಡಲಾ, ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಕಡೆಗೆ ಹತ್ತಿರದ ದಾರಿ ಹಿಡಿಯುತ್ತದೆ. ಕೂಲರ್‌ಗೆ ಹೊಸ ಹುಲ್ಲು ಹಾಕಿ ನೀರು ಬಿಟ್ಟಾಗ ಬರುವ ಒದ್ದೆ ವಾಸನೆ ಮೂಗಿಗೆ ಬಿದ್ದರೆ ನನಗೆ ಈಗಲೂ ಬೇಸಿಗೆ ರಜೆ, ಮಧ್ಯಾಹ್ನ, ಶಹಾಬಾದ್ ಕಲ್ಲಿನ ನೆಲದ ಮೇಲೆ ಬರಿ ಮೈಯಲ್ಲಿ ಮಲಗಿದ್ದು, ಎಲ್ಲಾ ಒಂದೇ ಸಲಕ್ಕೆ ಬರುತ್ತದೆ.

ಇದನ್ನೇ ಬೇಕೆಂದು ಮಾಡಿಕೊಳ್ಳಬಹುದು. ಒಂದು ಸಣ್ಣ ಶೀಶೆ ಅತ್ತರು ಕೊಳ್ಳಿ, ಹಿಂದೆಂದೂ ಹಚ್ಚಿರದ ವಾಸನೆಯದು. ಪ್ರವಾಸದ ದಿನ ಮಾತ್ರ ಅಂಗೈಗೆ ಹಚ್ಚಿಕೊಳ್ಳಿ, ಆಮೇಲೆ ಎತ್ತಿಡಿ. ಆರು ತಿಂಗಳ ಮೇಲೆ ಬಿರಡೆ ತೆಗೆದು ನೋಡಿ. ದಿನಾ ಹಚ್ಚಿದರೆ ಕೆಲಸ ಕೆಡುತ್ತದೆ. ಯಾಕೆಂದರೆ ಆ ವಾಸನೆ ಆಫೀಸಿಗೂ ಬಸ್ಸಿಗೂ ಅಂಟಿಕೊಳ್ಳುತ್ತದೆ.

ಆಮೇಲೆ ಕಿವಿ. ಇದಕ್ಕೆ ಕಲಬುರಗಿ ಕೋಟೆಯೊಳಗಿನ ಜಾಮಾ ಮಸೀದಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. 1367ರಲ್ಲಿ ಕಟ್ಟಿದ್ದು. ನಡುವೆ ತೆರೆದ ಅಂಗಳವೇ ಇಲ್ಲ, ಪೂರ್ತಿ ಗುಮ್ಮಟಗಳ ಕೆಳಗೇ ಇದೆ. ಹೊರಗಿನ ಸದ್ದು ಅಲ್ಲಿ ಬೇರೆಯಾಗಿ ಕೇಳುತ್ತದೆ. ಒಂದು ಕಂಬಕ್ಕೆ ಒರಗಿ ಕಣ್ಣು ಮುಚ್ಚಿ. ಹತ್ತಿರದ ಸದ್ದು ಯಾವುದು, ಎಲ್ಲಕ್ಕಿಂತ ದೂರದ್ದು ಯಾವುದು, ಹುಡುಕಿ. ಪಾರಿವಾಳದ ರೆಕ್ಕೆ, ಯಾರದೋ ಕೆಮ್ಮು, ಆಚೆ ಆಟೋ. ಎರಡು ನಿಮಿಷ ಸಾಕು. ಮಕ್ಕಳಿಗೆ ಇದು ಆಟ. ದೊಡ್ಡವರಿಗೆ ಮೊದಲ ಅರ್ಧ ನಿಮಿಷ ನಾಚಿಕೆ ಆಗುತ್ತದೆ.

ಚರ್ಮ ಅಂದರೆ ಕೈಯೊಂದೇ ಅಲ್ಲ. ಕಾಲಿನ ಅಡಿ ನಮ್ಮ ಕಡೆಯ ಪ್ರವಾಸದಲ್ಲಿ ದೊಡ್ಡ ಪುಣ್ಯ, ಗುಡಿ, ದರ್ಗಾ, ಗುರುದ್ವಾರ ಎಲ್ಲಾ ಕಡೆ ಚಪ್ಪಲಿ ಬಿಡಲೇಬೇಕು. ಬಿಸಿಲಿಗೆ ಕಾದ ಕಲ್ಲಿನಿಂದ ನೆರಳಿನ ಕಲ್ಲಿಗೆ ಕಾಲಿಡುವ ಆ ಕ್ಷಣವನ್ನು ಓಡಿ ಕಳೆಯಬೇಡಿ. ಒಂದು ಮಾತು: ಹಳೆಯ ಚಿತ್ರ, ಬಣ್ಣದ ಹೆಂಚು, ಚಿಪ್ಪಿನ ಕೆಲಸ ಇವನ್ನು ಮಾತ್ರ ಮುಟ್ಟಬೇಡಿ. ಅಷ್ಟೂರಿನ ಗೋಡೆಗಳು ಈಗಾಗಲೇ ಸಾಕಷ್ಟು ಅನುಭವಿಸಿವೆ.

ಕೊನೆಗೆ ಕಣ್ಣು. ಮಹಮೂದ್ ಗವಾನ್ ಮದರಸಾ 1472ರಲ್ಲಿ ಆದದ್ದು. 1696ರಲ್ಲಿ ಒಳಗೆ ಮದ್ದು ಸಿಡಿದು ಒಂದು ಭಾಗ ಹಾರಿಹೋಯಿತು, ಈಗ ಒಂದೇ ಮಿನಾರು ಇದೆ. ಅದರ ಎದುರು ನೆಲದ ಮೇಲೆ ಕೂತು ಒಂದು ಕೈ ಅಗಲದಷ್ಟು ಗೋಡೆ ಆರಿಸಿಕೊಳ್ಳಿ. ಮೊದಲು ಬರಿ ನೀಲಿ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಹಸಿರು, ಬಿಳಿ. ಆಮೇಲೆ ಹೆಂಚು ಉದುರಿದ ಜಾಗದಲ್ಲಿ ಸುಣ್ಣದ ಗಾರೆ. ಮೊದಲ ಸಲ ನಾನು ಇಲ್ಲಿ ಎರಡೇ ನಿಮಿಷ ನಿಂತಿದ್ದೆ. ಒಡೆದ ಕಡೆಗೆ ಗೋಡೆ ಎಷ್ಟು ದಪ್ಪ ಇದೆ ಅಂತ ನೋಡಿಯೇ ಇರಲಿಲ್ಲ.

ಕೋಟೆಯ ರಂಗೀನ್ ಮಹಲ್‌ಗೂ ಇದೇ ಮಾತು. ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಎದುರು ನಿಂತರೆ ಸಾಲದು, ಸ್ವಲ್ಪ ಪಕ್ಕಕ್ಕೆ ಸರಿದಾಗ ಚಿಪ್ಪು ಬಣ್ಣ ಬದಲಿಸುತ್ತದೆ. ಕೆಲವೊಮ್ಮೆ ಬೀಗ ಹಾಕಿರುತ್ತಾರೆ, ಕಾವಲಿನವರನ್ನು ಕೇಳಿ ನೋಡಿ.

ಕೈಗೆ ಕೆಲಸ ಕೊಡಿ

ಬೀದರ್‌ಗೆ ಹೋದ ಮೇಲೆ ಬಿದ್ರಿ ಕೆಲಸ ನಡೆಯುವ ಜಾಗಕ್ಕೆ ಹೋಗದೆ ಬರಬೇಡಿ. ಅಂಗಡಿಯ ಗಾಜಿನ ಕಪಾಟು ನೋಡಿ ಬರುವುದು ಲೆಕ್ಕಕ್ಕಿಲ್ಲ. ಕಸುಬುದಾರರು ನೆಲದ ಮೇಲೆ ಕೂತು ಕೆತ್ತುವ ಕಡೆ, ಕೇಳಿಕೊಂಡು, ಹತ್ತು ನಿಮಿಷ ಕೂತುಕೊಳ್ಳಿ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಅದರ ಮೇಲೆ ಉಳಿಯಿಂದ ಗೆರೆ ಕೊರೆದು ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಆ ಸಣ್ಣ ಸುತ್ತಿಗೆಯ ಟಿಕ್‌ಟಿಕ್ ಒಂದು ಸಲ ಕೇಳಿದರೆ ಮರೆಯುವುದಿಲ್ಲ. ಕಡೆಗೆ ಕೋಟೆಯ ಹಳೆ ಮಣ್ಣನ್ನು ನವಸಾಗರ ಅನ್ನುವ ಲವಣದ ಜೊತೆ ನೀರಿಗೆ ಹಾಕಿ ಕಾಯಿಸಿ ಹಚ್ಚುತ್ತಾರೆ. ಸತುವಿನ ಭಾಗ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಬಿಸಿಲು ಮಳೆ ಕಾಣದ ಮಣ್ಣೇ ಬೇಕು. ಅದು ಸರಿಯಾದದ್ದೋ ಅಲ್ಲವೋ ಅಂತ ನಾಲಗೆ ಮೇಲಿಟ್ಟು ರುಚಿ ನೋಡಿ ಆರಿಸುವ ರೂಢಿ ಅವರಲ್ಲಿದೆ. ನಾವು ಊಟಕ್ಕೂ ಅಷ್ಟು ಗಮನ ಕೊಡುವುದಿಲ್ಲ.

ಒಂದು ಸಣ್ಣ ಬಿದ್ರಿ ವಸ್ತು ಕೊಳ್ಳಿ. ಕಪಾಟಿಗಿಂತ ಕೈಗೆ ಸಿಗುವ ಕಡೆ ಇಡಿ. ಅದರ ಭಾರ, ತಣ್ಣಗಿನ ಮೈ ಮುಟ್ಟಿದಾಗ ಆ ಹತ್ತು ನಿಮಿಷವೂ ನೆನಪಾಗುತ್ತದೆ.

ಇನ್ನು ಚಿತ್ರ ಬರೆಯುವುದು. ನನಗೆ ಚಿತ್ರ ಬರುವುದಿಲ್ಲ. ನಾನು ಬರೆದ ಮಿನಾರು ನೋಡಿ ಅಣ್ಣನ ಮಗಳು "ಕಾಕಾ, ಇದು ನೀರಿನ ಟಾಕಿ ಅದಾ?" ಅಂದಳು. ಪರವಾಗಿಲ್ಲ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದ ಪ್ರಕಾರ, ಒಂದು ಪದವನ್ನು ಬರೆದುಕೊಳ್ಳುವುದಕ್ಕಿಂತ ಅದರ ಚಿತ್ರ ಬಿಡಿಸಿದರೆ ನೆನಪು ಚೆನ್ನಾಗಿ ಉಳಿಯುತ್ತದೆ. ಚಿತ್ರ ಚೆಂದ ಇರಬೇಕೆಂದೇನೂ ಇಲ್ಲ. ಎರಡು ನಿಮಿಷ, ಪೆನ್ಸಿಲ್ಲು, ಸಣ್ಣ ನೋಟ್‌ಬುಕ್ಕು. ಕಮಾನಿನ ಮೇಲ್ತುದಿ ಚೂಪೋ ದುಂಡೋ ಅಂತ ಬರೆಯಲು ಹೊರಟಾಗಲೇ ಗೊತ್ತಾಗುವುದು, ನೋಡಿಯೇ ಇಲ್ಲ ಅಂತ.

ಊಟ

ಮೊದಲ ಮೂರು ತುತ್ತು ಮಾತಿಲ್ಲದೆ ತಿನ್ನಿ. ಅಷ್ಟೇ ನಿಯಮ. ಕಟಕ್ ರೊಟ್ಟಿ ಮುರಿಯುವ ಸದ್ದು, ಶೇಂಗಾ ಹಿಂಡಿಯ ಖಾರ ಎಷ್ಟು ಹೊತ್ತಿಗೆ ಹತ್ತುತ್ತದೆ, ಎಣ್ಣೆ ಹಾಕಿದರೆ ಏನು, ಮೊಸರು ಹಾಕಿದರೆ ಏನು. ನಾಲ್ಕನೇ ತುತ್ತಿನಿಂದ ಹರಟೆ ಹೊಡೆಯಿರಿ.

ಹೆಸರು ಕೊಡಿ

"ಛಲೋ ಇತ್ತು" ಅನ್ನುವ ಮಾತು ಆ ದಿನದ ಮಟ್ಟಿಗೆ ಬಂದ್. ಎಲ್ಲದಕ್ಕೂ ಛಲೋ ಅಂದರೆ ಎಲ್ಲಾ ನೆನಪೂ ಒಂದೇ ಡಬ್ಬಿಯಲ್ಲಿ ಬಿದ್ದು ಕಲೆಸಿಹೋಗುತ್ತವೆ. ನಮ್ಮ ಭಾಷೆಯಲ್ಲಿ ವಾಸನೆಗೇ ಎಷ್ಟು ಪದ ಇವೆ ನೋಡಿ. ಘಮ, ಕಂಪು, ಘಾಟು, ಕಮಟು, ಮುಗ್ಗಲು, ಸೀದದ್ದು, ಹಳಸಿದ್ದು. ಗುಹೆಯದು ಘಾಟೋ ಮುಗ್ಗಲೋ? ಅಷ್ಟೂರಿನ ಒಳಗಿನ ಗಾಳಿ ಹೇಗಿತ್ತು? ಸರಿಯಾದ ಪದ ಹುಡುಕುವ ಆ ಹೊತ್ತೇ ನೆನಪಿಗೆ ಗಂಟು ಹಾಕುತ್ತದೆ. ಪದ ಸಿಗದಿದ್ದರೆ ಹೋಲಿಕೆ ಹೇಳಿ. ಮೊದಲ ಮಳೆಗೆ ನೆಲದಿಂದ ಏಳುವ ವಾಸನೆ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ ಮಾಡುವ ಜಿಯೋಸ್ಮಿನ್ ಅನ್ನುವ ವಸ್ತುವಿನದು. ಅಣ್ಣನ ಮಗನಿಗೆ ಅದೆಲ್ಲ ಬೇಡ, ಅವನ ಪ್ರಕಾರ ಅದು ಹೊಸ ಗಡಿಗೆಯ ನೀರಿನ ವಾಸನೆ. ಅವನ ಹೋಲಿಕೆಯೇ ನನಗೆ ನೆನಪಿರುವುದು.

ರಾತ್ರಿ ಐದು ಬೆರಳು

ಇದನ್ನು ಬಿಟ್ಟರೆ ಹಗಲಿನ ಕೆಲಸ ಅರ್ಧ ನೀರಿಗೆ ಹೋದಂತೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು 1885ರಲ್ಲೇ ತೋರಿಸಿದ್ದ: ಮರೆವು ಮೊದಲ ಕೆಲವು ತಾಸುಗಳಲ್ಲೇ ಜೋರಾಗಿರುತ್ತದೆ, ಆಮೇಲೆ ನಿಧಾನ ಆಗುತ್ತದೆ. ಹಾಗಾಗಿ ಅದೇ ರಾತ್ರಿ, ಮಲಗುವ ಮೊದಲು, ಫೋಟೊ ನೋಡದೆ ನೆನಪಿಸಿಕೊಳ್ಳಬೇಕು.

ನಮ್ಮ ಮನೆಯಲ್ಲಿ ಐದು ಬೆರಳಿನ ಲೆಕ್ಕ ಇದೆ. ಹೆಬ್ಬೆರಳಿಗೆ ಕಂಡದ್ದು, ತೋರುಬೆರಳಿಗೆ ಕೇಳಿದ್ದು, ನಡುಬೆರಳಿಗೆ ಮುಟ್ಟಿದ್ದು, ಉಂಗುರ ಬೆರಳಿಗೆ ವಾಸನೆ, ಕಿರುಬೆರಳಿಗೆ ರುಚಿ. ಒಬ್ಬೊಬ್ಬರು ಐದೈದು ಹೇಳಬೇಕು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವಂತಿಲ್ಲ. ಕೊನೆಯ ಸರದಿಯವರಿಗೆ ಕಷ್ಟ, ಅದಕ್ಕೇ ಅವರದು ಎಲ್ಲಕ್ಕಿಂತ ವಿಚಿತ್ರವಾಗಿರುತ್ತದೆ.

ಒಂದು ವಾರ ಬಿಟ್ಟು ಮತ್ತೆ ಹೇಳಿ, ತಿಂಗಳು ಬಿಟ್ಟು ಇನ್ನೊಮ್ಮೆ. ಓದಿದ್ದನ್ನು ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿಸಿಕೊಂಡರೆ ಒಂದು ವಾರದ ಮೇಲೆ ಜಾಸ್ತಿ ಉಳಿಯುತ್ತದೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದಾರೆ. ನಾನು ಅದನ್ನೇ ಪ್ರವಾಸಕ್ಕೂ ಹಚ್ಚಿದ್ದೇನೆ. ಆಮೇಲೆ ಸರಿಯಾಗಿ ನಿದ್ದೆ ಮಾಡಿ. ಹಗಲು ಸೇರಿಸಿದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲೇ.

ಒಂದು ಎಚ್ಚರಿಕೆ. ಹೇಳಿ ಹೇಳಿ ನೆನಪು ಬಣ್ಣ ಬಳಿದುಕೊಳ್ಳುತ್ತದೆ. ಝರಣಿಯ ನೀರು ಅಣ್ಣನ ಬಾಯಲ್ಲಿ ಈಗ ಕುತ್ತಿಗೆವರೆಗೆ ಬಂದಿದೆ, ಮುಂದಿನ ಯುಗಾದಿಗೆ ಮುಳುಗಿಸಿಬಿಡುತ್ತಾನೋ ಏನೋ. ಅದಕ್ಕೇ ಮೊದಲ ರಾತ್ರಿಯೇ ನಾಲ್ಕು ಸಾಲು ಬರೆದಿಡಿ. ಆಮೇಲೆ ಜಗಳ ಬಂದರೆ ನೋಟ್‌ಬುಕ್ಕು ತೆಗೆಯಬಹುದು.

ಕೆಲವು ಸಣ್ಣ ಮಾತು

ಇಡೀ ದಿನ ಹೀಗೆ ಇರಲು ಹೋಗಬೇಡಿ, ತಲೆ ನೋಯುತ್ತದೆ. ದಿನಕ್ಕೆ ನಾಲ್ಕೈದು ಸಲ, ಒಂದೊಂದು ಸಲಕ್ಕೆ ಹತ್ತು ನಿಮಿಷ. ಉಳಿದ ಹೊತ್ತು ಎಲ್ಲರಂತೆ ಇರಿ. ಝರಣಿಗೆ ಹೋಗುವ ಮೊದಲು ಗುಹೆ ತೆರೆದಿದೆಯಾ ಅಂತ ವಿಚಾರಿಸಿ, ಉಸಿರಾಟದ ತೊಂದರೆ ಇರುವವರು ಒಳಗೆ ಹೋಗಬೇಡಿ. ಸಣ್ಣ ಮಕ್ಕಳಿಗೆ "ಲಕ್ಷ್ಯ ಕೊಟ್ಟು ನೋಡು" ಅಂತ ಬೆನ್ನು ಹತ್ತಬೇಡಿ. ಅವರು ನಮಗಿಂತ ಚೆನ್ನಾಗಿ ನೋಡುತ್ತಾರೆ, ನಿಮ್ಮ ಅವಸರಕ್ಕೆ ಅವರನ್ನು ಎಳೆಯದಿದ್ದರೆ ಸಾಕು.

ಮನೆಯಲ್ಲೂ ಇದನ್ನೇ ಮಾಡಬಹುದು, ಹಿಂದೆ ಮುಂದೆ ಮಾಡಿ. ಅಂದರೆ ಹಿರಿಯರ ಹಳೆ ನೆನಪು ಬೇಕಾದರೆ "ನಿಮ್ಮ ಕಾಲದಾಗ ಹೆಂಗಿತ್ತು?" ಅಂತ ಕೇಳಬೇಡಿ. ಕೈಗೆ ಏನಾದರೂ ಕೊಡಿ. ಎಳ್ಳಮಾವಾಸ್ಯೆಯ ಭಜ್ಜಿ, ಹಳೆ ಕೌದಿ, ಒಂದು ಹಿಡಿ ಸೀತನಿ, ಅಂದರೆ ಸುಟ್ಟ ಎಳೆ ಜೋಳ.

ಹೋದ ಡಿಸೆಂಬರ್‌ನಲ್ಲಿ ಮುತ್ಯಾನಿಗೆ ಉಪ್ಪು ಹಾಕಿ ಕುದಿಸಿದ ಹಸಿ ತೊಗರಿಕಾಯಿ ಒಂದು ತಟ್ಟೆ ಕೊಟ್ಟೆ. ಅವರಿಗೆ ಎಂಬತ್ತೆಂಟು, ಮಾತು ಕಡಿಮೆ. ಎರಡು ಕಾಯಿ ಸುಲಿದರು, ಬೆರಳು ಮೂಸಿಕೊಂಡರು. ಆಮೇಲೆ ಎತ್ತಿನ ಕಥೆ ಶುರುವಾಯಿತು. ಹೊಲ ಕಾಯಲು ಹೋದ ರಾತ್ರಿ, ಥಂಡಿ, ಬೆಂಕಿಯಲ್ಲಿ ತೊಗರಿಕಾಯಿ ಸುಟ್ಟುಕೊಂಡು ತಿಂದದ್ದು, ಕಟ್ಟಿದ ಎತ್ತು ಹಗ್ಗ ಹರಿದುಕೊಂಡು ಬಂದು ಅವರ ಪಕ್ಕದಲ್ಲಿ ಮಲಗಿದ್ದು. ನಾನು ಈ ಕಥೆ ಹಿಂದೆ ಕೇಳಿರಲಿಲ್ಲ. ನಮ್ಮ ಅಪ್ಪನೂ ಕೇಳಿರಲಿಲ್ಲವಂತೆ. ಅದೇ ಸಂಜೆ ಬರೆದಿಟ್ಟೆ. ಎತ್ತಿನ ಹೆಸರು ಮಾತ್ರ ಎರಡು ಸಲ ಕೇಳಬೇಕಾಯಿತು, ಮುತ್ಯಾನ ಬಾಯಿ ತುಂಬ ತೊಗರಿ ಇತ್ತು.